ಹೆಸರೊಂದು, ಸಾಲೊಂದು
ಡೇಟಾಬೇಸ್ ಕೆಲಸದ ಪರಿಚಯವೂ ಅದರ ಅಭ್ಯಾಸಕ್ರಮವೂ

ಸಂಜೆ ಕೆಲಸ ಮುಗಿಸಿ ನಮ್ಮ ವಾಚನಾಲಯಕ್ಕೆ ಬರುವ ತರುಣರು ಪತ್ರಿಕೆಯ ಉದ್ಯೋಗದ ಪುಟವನ್ನು ಮೊದಲು ತೆಗೆಯುತ್ತಾರೆ. ಅದರಲ್ಲಿ ಈಚೆಗೆ 'ಡೇಟಾಬೇಸ್' ಎಂಬ ಮಾತು ಮೇಲಿಂದ ಮೇಲೆ ಕಾಣುತ್ತಿರುವುದರಿಂದ, "ಇದೇನು ಕೆಲಸ? ಮೆಟ್ರಿಕ್ಯುಲೇಷನ್ ಮುಗಿಸಿ ಹೋಟೆಲಿನಲ್ಲಿಯೋ ಆಫೀಸಿನಲ್ಲಿಯೋ ದುಡಿಯುತ್ತಿರುವ ನಮ್ಮಂಥವರು ಇದನ್ನು ಕಲಿಯಬಹುದೇ?" ಎಂದು ನಮ್ಮನ್ನು ಹಲವರು ಕೇಳಿದ್ದಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಕ್ರಮವಾಗಿ ಬರೆದರೆ ಉಳಿದವರಿಗೂ ಉಪಯೋಗವಾದೀತೆಂದು ಈ ಪಾಠವನ್ನು ಬರೆಯಲು ತೊಡಗಿದ್ದೇವೆ. ನಾವು ಪಂಡಿತರಲ್ಲ. ಗಿರಣಿಯ ಆಫೀಸಿನಲ್ಲಿ ಹಾಜರಿ, ಪಗಾರಗಳ ಲೆಕ್ಕ ಬರೆಯುತ್ತ, ಬಿಡುವಿನಲ್ಲಿ ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತವರು. ಆದುದರಿಂದ ಕಾರಕೂನನು ಕಾರಕೂನನಿಗೆ ಹೇಳುವ ರೀತಿಯಲ್ಲಿಯೇ ಹೇಳುತ್ತೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡೇಟಾಬೇಸ್ ಎಂಬುದು ಮಾಯಾಯಂತ್ರವಲ್ಲ. ಅದು ಚೆನ್ನಾಗಿ ಬರೆದಿಟ್ಟ ದಾಖಲೆ ಪುಸ್ತಕಗಳ ಸಮೂಹ. ಪುಸ್ತಕವು ಕಾಗದದ್ದಾಗಿರಲಿ, ಗಣಕಯಂತ್ರದ ಒಳಗಿರಲಿ, ಬರೆಯುವವನ ಎಚ್ಚರವೇ ಅದರ ಬೆಲೆ. ಈ ಎಚ್ಚರ ತಪ್ಪಿದರೆ ಆಗುವ ನಷ್ಟ ಯಾರದು ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಲಾಲಬಾಗ್, ಪರೇಲ್‌ಗಳವರೆಗೆ ಹೋದರೆ ಸಾಕು.

೧. ಒಂದು ಹೆಸರಿನ ಬೆಲೆ

ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪೆನಿಯು ೧೮೫೪ರಲ್ಲಿ ಸ್ಥಾಪನೆಯಾಯಿತು. ಆ ಮೇಲೆ ನೂರಿಪ್ಪತ್ತೆಂಟು ವರ್ಷ ಕಳೆದು, ೧೯೮೨ರ ಜನವರಿ ೧೮ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ದೊಡ್ಡ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಅದರಲ್ಲಿ ಸೇರಿದ್ದರು. ಮುಂದಿನ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರಿಗೆ ಹಿಂದಿರುಗಿದವರು ಎಷ್ಟೋ ಮಂದಿ. ಮುಚ್ಚಿದ ಗಿರಣಿಗಳ ಜಮೀನಿನ ಒಂದು ಪಾಲಿನಲ್ಲಿ ಹಳೆಯ ಕಾರ್ಮಿಕರಿಗಾಗಿ ಮನೆ ಕಟ್ಟಬೇಕೆಂದು ಮುಂದೆ ನಿಯಮವಾಯಿತು. ೧೯೮೨ರ ಜನವರಿ ೧ರಂದು ಅಥವಾ ಆ ಬಳಿಕ ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು, ಅವರು ಕಾಲವಾಗಿದ್ದರೆ ಅವರ ವಾರಸುದಾರರು, ಅರ್ಜಿ ಹಾಕಬಹುದಾಗಿತ್ತು. ಮನೆಗಳನ್ನು ಚೀಟಿ ಎತ್ತಿ ಹಂಚುವ ಕೆಲಸ ಮ್ಹಾಡಾ ಸಂಸ್ಥೆಯದು. ೨೦೧೨ರ ಜೂನ್ ೨೮ರಂದು ೬,೯೨೫ ಮನೆಗಳಿಗೂ, ೨೦೨೦ರ ಮಾರ್ಚ್ ೧ರಂದು ೩,೮೯೪ ಮನೆಗಳಿಗೂ ಚೀಟಿ ಎತ್ತಲಾಯಿತು. ಇವೆರಡರ ನಡುವೆಯೂ ಕೆಲವು ಹಂಚಿಕೆಗಳು ನಡೆದವು.

ಇಲ್ಲಿ ನಮ್ಮ ಪಾಠಕ್ಕೆ ಬೇಕಾದ ಸಂಗತಿ ಬೇರೆಯೇ ಇದೆ. ಒಟ್ಟು ಬಂದ ಅರ್ಜಿಗಳು ಸುಮಾರು ೧.೭೪ ಲಕ್ಷ. ಒಬ್ಬನ ಹೆಸರಿನಲ್ಲಿಯೇ ಎರಡೆರಡು ಬಾರಿ ಬಂದವುಗಳನ್ನು ಬೇರ್ಪಡಿಸಿದ ಮೇಲೆ ಉಳಿದವು ಸುಮಾರು ೧.೫ ಲಕ್ಷ. ಅಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳ ವಿಷಯದಲ್ಲಿ, "ಈ ಮನುಷ್ಯನೂ ಆ ಮನುಷ್ಯನೂ ಒಬ್ಬನೇ" ಎಂದು ಯಾರೋ ನಿರ್ಣಯಿಸಬೇಕಾಯಿತು. ಉಳಿದವರು ಅರ್ಹರೇ ಅಲ್ಲವೇ ಎಂಬುದನ್ನು ಗಿರಣಿಯ ಟಿಕೆಟು, ಇ.ಎಸ್.ಐ. ಕಾರ್ಡು, ಪ್ರಾವಿಡೆಂಟ್ ಫಂಡಿನ ಚೀಟಿ, ಪಗಾರದ ಚೀಟಿ ಇಂಥ ಹಳೆಯ ಕಾಗದಗಳಿಂದ ತಿಳಿಯಬೇಕಾಯಿತು. ನಾಲ್ವತ್ತು ವರ್ಷಗಳ ಹಿಂದೆ ಯಾವನೋ ಕಾರಕೂನನು ಟೈಂ ಆಫೀಸಿನ ಮೂಲೆಯಲ್ಲಿ ಕುಳಿತು ಬರೆದ ಒಂದು ಸಾಲು, ಇಂದು ಒಂದು ಸಂಸಾರಕ್ಕೆ ಮುಂಬಯಿಯಲ್ಲಿ ಸೂರು ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಅವನು ಹೆಸರನ್ನು ಅವಸರದಲ್ಲಿ ತಪ್ಪು ಬರೆದಿದ್ದರೆ, ಆ ತಪ್ಪಿನ ಬೆಲೆಯನ್ನು ಅವನು ತೆರುವುದಿಲ್ಲ. ಕಾರ್ಮಿಕನ ಮಗನು ತೆರುತ್ತಾನೆ.

ನಮ್ಮ ಜನರ ಹೆಸರುಗಳ ಮಟ್ಟಿಗೆ ಈ ತೊಂದರೆ ಇನ್ನೂ ಹೆಚ್ಚು. ಮುಂಬಯಿಯ ಅರ್ಜಿ ನಮೂನೆಯಲ್ಲಿ ಸಾಮಾನ್ಯವಾಗಿ ಮೂರು ಖಾನೆಗಳಿರುತ್ತವೆ: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮರಾಠಿಯವರಿಗೆ ಅದು ಸರಿ. ಬಿಜಾಪುರ, ಬೆಳಗಾವಿಯ ಕಡೆಯವರಿಗೂ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಹಳೆಯ ಮೈಸೂರಿನವನಿಗೆ ಊರಿನ ಅಕ್ಷರ, ತಂದೆಯ ಅಕ್ಷರ ಮುಂದಿರುತ್ತವೆ, ಅಡ್ಡಹೆಸರೇ ಇರುವುದಿಲ್ಲ. ತುಳುನಾಡಿನ ಎಷ್ಟೋ ಮನೆತನಗಳಲ್ಲಿ ಅಳಿಯಸಂತಾನದ ಪದ್ಧತಿಯಿಂದಾಗಿ ಮಗನ ಬಳಿ ತಾಯಿಯ ಮನೆಯ ಹೆಸರಿರುತ್ತದೆ. ಹೀಗಿರಲು ಒಬ್ಬನೇ ಮನುಷ್ಯನು ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ವಿಧ, ರೇಷನ್ ಕಾರ್ಡಿನಲ್ಲಿ ಇನ್ನೊಂದು ವಿಧ, ಫಂಡಿನ ಪುಸ್ತಕದಲ್ಲಿ ಮತ್ತೊಂದು ವಿಧವಾಗುತ್ತಾನೆ. ಹನುಮಂತನೆಂಬ ಹೆಸರು ಮರಾಠಿ ಕಾರಕೂನನ ಕೈಯಲ್ಲಿ ಹಣಮಂತವಾಗಿ, ಇಂಗ್ಲಿಷಿಗೆ ಹೋಗುವಾಗ ನಾಲ್ಕು ಬಗೆಯ ಕಾಗುಣಿತ ಪಡೆಯುತ್ತದೆ. ಯಂತ್ರಕ್ಕೆ ಇವರು ನಾಲ್ಕು ಮಂದಿ. ಒಬ್ಬನೇ ಎಂದು ತಿಳಿಯುವುದು ಮನುಷ್ಯನ ಕೆಲಸ. ಡೇಟಾಬೇಸ್ ವಿದ್ಯೆಯು ಹುಟ್ಟುವುದು ಇಲ್ಲಿಂದಲೇ.

೨. ಹೆಸರಿಗಿಂತ ಸಂಖ್ಯೆ ಮೇಲು

ಗಿರಣಿಗಳಲ್ಲಿ ಪ್ರತಿಯೊಬ್ಬ ಕಾರ್ಮಿಕನಿಗೂ ಟಿಕೆಟ್ ಸಂಖ್ಯೆ ಇರುತ್ತಿತ್ತು. ಹೆಸರು ಏನೇ ಇರಲಿ, ಹಾಜರಿಯೂ ಪಗಾರವೂ ಆ ಸಂಖ್ಯೆಯ ಎದುರಿಗೇ ಬೀಳುತ್ತಿದ್ದವು. ಈ ಪದ್ಧತಿಗೆ ಡೇಟಾಬೇಸ್ ಭಾಷೆಯಲ್ಲಿ 'ಕೀ' ಎಂದು ಹೆಸರು. ಬೀಗದ ಕೈಯೆಂದೇ ತಿಳಿಯಬಹುದು. ಒಂದು ಕೈಗೆ ಒಂದೇ ಬೀಗ. ಒಂದು ಸಂಖ್ಯೆಗೆ ಒಬ್ಬನೇ ಮನುಷ್ಯ.

ಆದರೆ ಕೀಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಇಬ್ಬರು ಕಾರ್ಮಿಕರು ಬೇರೆ ಬೇರೆ ಗಿರಣಿಗಳಲ್ಲಿದ್ದರೆ ಇಬ್ಬರಿಗೂ ೪೧೨ ಎಂಬ ಸಂಖ್ಯೆಯೇ ಇರಬಹುದು. ಒಂದು ಗಿರಣಿಯೊಳಗೆ ಅದು ಸಾಕು. ಎಲ್ಲ ಗಿರಣಿಗಳ ಪಟ್ಟಿಯನ್ನು ಒಂದುಗೂಡಿಸುವಾಗ ಸಾಲದು. ಆಗ ಗಿರಣಿ, ಸಂಖ್ಯೆ ಎರಡನ್ನೂ ಕೂಡಿಸಿ ಕೀ ಮಾಡಬೇಕು. ಇನ್ನು ಬದಲಿಯಾಗಿ ದುಡಿಯುತ್ತಿದ್ದವನು ಕಾಯಮ್ಮಾದಾಗ ಸಂಖ್ಯೆ ಬದಲಾದರೆ, ಹಳೆಯ ಸಂಖ್ಯೆಯನ್ನು ಹೊಸದರ ಪಕ್ಕದಲ್ಲಿ ಬರೆದಿಡದಿದ್ದಲ್ಲಿ ಅವನ ಹಿಂದಿನ ವರ್ಷಗಳ ದುಡಿಮೆಯೇ ಕಳೆದುಹೋದಂತೆ. ಆದುದರಿಂದ ಕೀ ಎಂಬುದು ಬದಲಾಗದಿರತಕ್ಕದ್ದು, ಇನ್ನೊಬ್ಬನಿಗೆ ಕೊಡಲಾಗದಿರತಕ್ಕದ್ದು, ಖಾಲಿ ಇರದಿರತಕ್ಕದ್ದು. ಈ ಮೂರು ಲಕ್ಷಣಗಳನ್ನು ನೆನಪಿಡಿರಿ.

ಪ್ರಾವಿಡೆಂಟ್ ಫಂಡಿನಲ್ಲಿ ಇದೇ ಪಾಠವನ್ನು ಇಡೀ ದೇಶವೇ ಕಲಿಯಿತು. ಮೊದಲು ನೌಕರಿ ಬದಲಿಸಿದಂತೆಲ್ಲ ಹೊಸ ಖಾತೆಯ ಸಂಖ್ಯೆ ಬರುತ್ತಿತ್ತು. ನಾಲ್ಕು ಕಡೆ ದುಡಿದವನಿಗೆ ನಾಲ್ಕು ಖಾತೆ. ೨೦೧೪ರಲ್ಲಿ ೧೨ ಅಂಕೆಗಳ ಯು.ಎ.ಎನ್. ಸಂಖ್ಯೆ ಬಂದ ಮೇಲೆ, ನೌಕರಿ ಎಷ್ಟು ಬದಲಾದರೂ ಮನುಷ್ಯನಿಗೆ ಸಂಖ್ಯೆ ಒಂದೇ ಎಂದಾಯಿತು. ಹಾಗಿದ್ದರೂ ಹೆಸರು, ಜನ್ಮದಿನಗಳು ಆಧಾರದಲ್ಲಿರುವುದಕ್ಕೆ ಹೊಂದದಿದ್ದರೆ ಹಣ ತೆಗೆಯುವಾಗ ಅಡ್ಡಿ ಬರುತ್ತದೆ. ಈ ಲೇಖನವನ್ನು ಓದುವವರು ಡೇಟಾಬೇಸ್ ಕಲಿಯಲಿ ಬಿಡಲಿ, ತಮ್ಮ ಈ ಎರಡು ಕಾಗದಗಳನ್ನು ಇಂದೇ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಕೋರುತ್ತೇವೆ. ಅಕ್ಷರ ವ್ಯತ್ಯಾಸವಿದ್ದರೆ ನೌಕರಿಯಲ್ಲಿರುವಾಗಲೇ ಮಾಲೀಕರ ಮೂಲಕ ತಿದ್ದಿಸಿಕೊಳ್ಳುವುದು ಸುಲಭ.

೩. ಒಂದು ಸಂಗತಿ, ಒಂದೇ ಜಾಗ

ಈಗ ನಮ್ಮ ವಾಚನಾಲಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪುಸ್ತಕ ಎರವಲು ಕೊಡಲು ಒಂದೇ ದೊಡ್ಡ ಪುಸ್ತಕವಿಟ್ಟು, ಪ್ರತಿ ಸಾಲಿನಲ್ಲಿಯೂ ತಾರೀಖು, ಸದಸ್ಯನ ಹೆಸರು, ಅವನ ವಿಳಾಸ, ಫೋನು, ಪುಸ್ತಕದ ಹೆಸರು, ಗ್ರಂಥಕರ್ತರ ಹೆಸರು ಇಷ್ಟನ್ನೂ ಬರೆಯುತ್ತ ಹೋದೆವೆಂದು ಭಾವಿಸಿರಿ. ಮೂರು ತೊಂದರೆಗಳು ಬರುತ್ತವೆ.

ಮೊದಲನೆಯದು: ಸದಸ್ಯನೊಬ್ಬನು ಡೊಂಬಿವಲಿಯ ಖೋಲಿ ಬಿಟ್ಟು ನಾಲಾಸೋಪಾರಕ್ಕೆ ಹೋದ. ಅವನ ವಿಳಾಸ ಮೂವತ್ತು ಸಾಲುಗಳಲ್ಲಿದೆ. ಇಪ್ಪತ್ತೊಂಬತ್ತನ್ನು ತಿದ್ದಿ ಒಂದನ್ನು ಬಿಟ್ಟರೆ, ನಿಜ ಯಾವುದೆಂದು ಮುಂದೆ ಯಾರಿಗೂ ತಿಳಿಯದು. ಎರಡನೆಯದು: ಹೊಸದಾಗಿ ಸೇರಿದವನು ಇನ್ನೂ ಪುಸ್ತಕವನ್ನೇ ಒಯ್ದಿಲ್ಲ, ಅವನ ಹೆಸರನ್ನು ಬರೆಯಲು ಈ ಪುಸ್ತಕದಲ್ಲಿ ಜಾಗವೇ ಇಲ್ಲ. ಮೂರನೆಯದು: ಹಳೆಯ ಎರವಲಿನ ಸಾಲುಗಳನ್ನು ಹೊಡೆದುಹಾಕಿದರೆ, ಅವುಗಳ ಜೊತೆಗೆ ಸದಸ್ಯನ ವಿಳಾಸವೂ ಹೋಗಿಬಿಡುತ್ತದೆ.

ಇದಕ್ಕೆ ಮದ್ದು ಮೂರು ಪುಸ್ತಕಗಳನ್ನಿಡುವುದು. ಒಂದರಲ್ಲಿ ಸದಸ್ಯರು, ಸದಸ್ಯ ಸಂಖ್ಯೆಯೊಡನೆ. ಇನ್ನೊಂದರಲ್ಲಿ ಗ್ರಂಥಗಳು, ಗ್ರಂಥದ ದಾಖಲೆ ಸಂಖ್ಯೆಯೊಡನೆ. ಮೂರನೆಯದು ಎರವಲು ಪುಸ್ತಕ: ಇದರಲ್ಲಿ ಸದಸ್ಯ ಸಂಖ್ಯೆ, ಗ್ರಂಥ ಸಂಖ್ಯೆ, ಒಯ್ದ ದಿನ, ತಂದ ದಿನ ಇವಿಷ್ಟೇ. ವಿಳಾಸ ಬದಲಾದರೆ ಒಂದೇ ಸಾಲನ್ನು ತಿದ್ದಿದರೆ ಮುಗಿಯಿತು. ಡೇಟಾಬೇಸಿನಲ್ಲಿ ಇಂಥ ಪ್ರತಿ ಪುಸ್ತಕಕ್ಕೂ 'ಟೇಬಲ್' ಎನ್ನುತ್ತಾರೆ. ಹೀಗೆ ಬೇರ್ಪಡಿಸುವ ಕ್ರಮಕ್ಕೆ 'ನಾರ್ಮಲೈಸೇಷನ್' ಎನ್ನುತ್ತಾರೆ. ಹೆಸರು ಉದ್ದವಾದರೂ ಅರ್ಥ ಇಷ್ಟೇ: ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆ, ಬೇರೆಡೆ ಅದರ ಸಂಖ್ಯೆಯನ್ನು ಮಾತ್ರ ತೋರಿಸು. ರೋಜುಕಿರ್ದಿ, ಖಾತೆ ಪುಸ್ತಕಗಳನ್ನು ಬರೆದು ಬಲ್ಲ ಗುಮಾಸ್ತರಿಗೆ ಇದು ಹೊಸದಲ್ಲ.

ಸಂಸ್ಥಾನಗಳ ದಫ್ತರದಿಂದ ಹಿಡಿದು ಎಲ್ಲರೂ ಬಲ್ಲ ಈ ಜಾಣ್ಮೆಯನ್ನು ಗಣಿತದ ಚೌಕಟ್ಟಿಗೆ ಒಗ್ಗಿಸಿ ಗಣಕಯಂತ್ರಕ್ಕೆ ಕೊಟ್ಟವರು ಎಡ್ಗರ್ ಕಾಡ್ ಎಂಬ ಗಣಿತಜ್ಞರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐ.ಬಿ.ಎಂ. ಕಂಪೆನಿಯಲ್ಲಿದ್ದ ಅವರು ೧೯೭೦ರಲ್ಲಿ ಈ ಬಗ್ಗೆ ಪ್ರಬಂಧವನ್ನು ಪ್ರಕಟಿಸಿದರು. ಇಂದು ಬ್ಯಾಂಕು, ರೈಲು, ಆಸ್ಪತ್ರೆಗಳ ಲೆಕ್ಕದ ಬಹುಭಾಗ ನಡೆಯುವುದು ಅವರು ಹಾಕಿದ ಈ ತಳಹದಿಯ ಮೇಲೆಯೇ.

೪. ಪ್ರಶ್ನೆ ಕೇಳುವ ಭಾಷೆ

ಪುಸ್ತಕಗಳನ್ನು ಬೇರ್ಪಡಿಸಿದ ಮೇಲೆ, ಒಗ್ಗೂಡಿಸಿ ಉತ್ತರ ಪಡೆಯುವುದು ಹೇಗೆ? ಅದಕ್ಕಾಗಿ 'ಎಸ್.ಕ್ಯೂ.ಎಲ್.' ಎಂಬ ಭಾಷೆ ಇದೆ. ಐ.ಬಿ.ಎಂ.ನ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬಿಬ್ಬರು ೧೯೭೪ರಲ್ಲಿ ಇದರ ಮೊದಲ ರೂಪವನ್ನು ಹೊರತಂದರು. ಇದರ ಮುಖ್ಯ ಪದಗಳು ಬೆರಳೆಣಿಕೆಯಷ್ಟು. 'ಸೆಲೆಕ್ಟ್' ಎಂದರೆ ಇವಿವನ್ನು ಆರಿಸಿ ತೋರಿಸು. 'ಫ್ರಮ್' ಎಂದರೆ ಇಂಥ ಪುಸ್ತಕದಿಂದ. 'ವೇರ್' ಎಂದರೆ ಇಂಥ ಷರತ್ತಿಗೆ ಒಪ್ಪುವ ಸಾಲುಗಳನ್ನು ಮಾತ್ರ. 'ಜಾಯಿನ್' ಎಂದರೆ ಸಂಖ್ಯೆ ಹೊಂದುವ ಕಡೆ ಎರಡು ಪುಸ್ತಕಗಳ ಸಾಲುಗಳನ್ನು ಜೋಡಿಸು. "ತಂದ ದಿನ ಇನ್ನೂ ಬರೆದಿಲ್ಲದ ಎರವಲುಗಳನ್ನು ಹುಡುಕಿ, ಆ ಸದಸ್ಯರ ಹೆಸರು, ಫೋನುಗಳನ್ನು ಕೊಡು" ಎಂದು ಕೇಳಲು ಮುಖ್ಯವಾಗಿ ಬೇಕಾಗುವುದು ಈ ನಾಲ್ಕು ಪದಗಳೇ.

ಇಲ್ಲಿ ಒಂದು ಸೂಕ್ಷ್ಮ. ಖಾಲಿ ಖಾನೆಗೆ 'ನಲ್' ಎನ್ನುತ್ತಾರೆ. ಖಾಲಿ ಎಂದರೆ ಸೊನ್ನೆಯಲ್ಲ. ಹಾಜರಿ ಪುಸ್ತಕದಲ್ಲಿ 'ಗೈರುಹಾಜರಿ' ಎಂದು ಬರೆದಿದ್ದರೆ ಕಾರ್ಮಿಕನು ಬಂದಿಲ್ಲವೆಂದು ಅರ್ಥ. ಏನೂ ಬರೆಯದಿದ್ದರೆ ಅವನು ಬಂದನೋ ಇಲ್ಲವೋ ನಮಗೆ ತಿಳಿಯದೆಂದು ಅರ್ಥ. ತಿಳಿಯದ್ದನ್ನು ಇಲ್ಲವೆಂದು ಎಣಿಸಿದರೆ ಒಬ್ಬನ ದಿನದ ಪಗಾರ ಹೋಗುತ್ತದೆ. ಕಲಿಯುವವರು ಎಡವುವ ಸ್ಥಳಗಳಲ್ಲಿ ಇದು ಮೊದಲನೆಯದು.

ಎರಡನೆಯದನ್ನು ನಾವು ಸ್ವತಃ ಎಡವಿಯೇ ಕಲಿತೆವು. ವಾಚನಾಲಯದ ಸದಸ್ಯರ ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸಿದ ಹೊಸತರಲ್ಲಿ, ಒಬ್ಬ ಸದಸ್ಯರ ವಿಳಾಸ ತಿದ್ದಲು ಕುಳಿತೆವು. ತಿದ್ದುವ ಪದ 'ಅಪ್‌ಡೇಟ್'. ಅದನ್ನು ಬರೆದು, ಹೊಸ ವಿಳಾಸವನ್ನೂ ಬರೆದು, 'ವೇರ್' ಎಂಬ ಷರತ್ತನ್ನು ಹಾಕುವುದನ್ನು ಮರೆತು ಗುಂಡಿ ಒತ್ತಿದೆವು. ಯಂತ್ರ ಮರುಮಾತಾಡಲಿಲ್ಲ. ಕ್ಷಣಮಾತ್ರದಲ್ಲಿ ನಮ್ಮ ಎಲ್ಲ ಸದಸ್ಯರೂ ಒಂದೇ ಚಾಳಿನ ಒಂದೇ ಖೋಲಿಯಲ್ಲಿ ವಾಸಿಸುವವರಾದರು! ಹಿಂದಿನ ಭಾನುವಾರ ತೆಗೆದಿಟ್ಟ ನಕಲು ಇದ್ದುದರಿಂದ ಮಾನ ಉಳಿಯಿತು. ಆ ದಿನದಿಂದ ನಾವು ಒಂದು ವ್ರತ ಹಿಡಿದಿದ್ದೇವೆ: ತಿದ್ದುವ ಮೊದಲು ಅದೇ ಷರತ್ತಿನಿಂದ 'ಸೆಲೆಕ್ಟ್' ಮಾಡಿ ಎಷ್ಟು ಸಾಲು ಬರುತ್ತವೆಂದು ನೋಡುವುದು. ಒಂದು ಬರಬೇಕಾದಲ್ಲಿ ಇನ್ನೂರು ಬಂದರೆ ಕೈ ಹಿಂತೆಗೆಯುವುದು.

೫. ಸೂಚಿಯೂ ವ್ಯವಹಾರವೂ

ವಾಚನಾಲಯದ ಕಪಾಟಿನಲ್ಲಿ ಗ್ರಂಥಗಳು ಬಂದ ಕ್ರಮದಲ್ಲಿ ನಿಂತಿವೆಯೆನ್ನಿ. ಕಾರಂತರ ಕಾದಂಬರಿಗಳೆಲ್ಲ ಬೇಕಾದರೆ ಮೊದಲಿನಿಂದ ಕೊನೆಯವರೆಗೆ ಬೆನ್ನು ನೋಡುತ್ತ ಹೋಗಬೇಕು. ಗ್ರಂಥಕರ್ತರ ಹೆಸರಿನ ಅಕಾರಾದಿಯಲ್ಲಿ ಕಾರ್ಡುಗಳನ್ನು ಬರೆದಿಟ್ಟರೆ ಅರ್ಧ ನಿಮಿಷದ ಕೆಲಸ. ಇದಕ್ಕೆ 'ಇಂಡೆಕ್ಸ್' ಎಂದು ಹೆಸರು. ಹಾಗಾದರೆ ಎಲ್ಲದಕ್ಕೂ ಇಂಡೆಕ್ಸ್ ಮಾಡಿಬಿಡಬಹುದಲ್ಲವೇ ಎಂದು ಕೇಳಬಹುದು. ಗ್ರಂಥವೊಂದು ಬಂದಾಗಲೆಲ್ಲ ಹತ್ತು ಕಾರ್ಡು ಬರೆಯುವವರು ಯಾರು? ಹುಡುಕುವುದು ಬೇಗವಾದಷ್ಟೂ ಬರೆಯುವುದು ನಿಧಾನವಾಗುತ್ತದೆ. ಜನರು ಹೆಚ್ಚಾಗಿ ಯಾವುದರಿಂದ ಹುಡುಕುತ್ತಾರೋ ಅದಕ್ಕೆ ಮಾತ್ರ ಇಂಡೆಕ್ಸ್ ಇಡುವುದು ಜಾಣತನ. "ಪ್ರೋಗ್ರಾಂ ನಿಧಾನವಾಗಿದೆ" ಎಂಬ ದೂರು ಬಂದಾಗ ಡೇಟಾಬೇಸಿನವರು ಮೊದಲು ನೋಡುವುದು ಇದನ್ನೇ.

ಇನ್ನೊಂದು ಮುಖ್ಯ ವಿಷಯ 'ಟ್ರಾನ್ಸಾಕ್ಷನ್', ಅಂದರೆ ವ್ಯವಹಾರ. ಗಣೇಶ ಚೌತಿಗೆ ಊರಿಗೆ ಹೋಗಲು ಮತ್ಸ್ಯಗಂಧಾ ರೈಲಿನಲ್ಲಿ ಒಂದೇ ಬರ್ತ್ ಉಳಿದಿದೆ. ಠಾಣೆಯ ಕಿಟಕಿಯಲ್ಲಿ ಒಬ್ಬ, ಕುರ್ಲಾದ ಕಿಟಕಿಯಲ್ಲಿ ಇನ್ನೊಬ್ಬ, ಒಂದೇ ಗಳಿಗೆಯಲ್ಲಿ ಹಣ ಕೊಡುತ್ತಾರೆ. ಇಬ್ಬರಿಗೂ ಚೀಟಿ ಹೋಗಕೂಡದು. ಒಬ್ಬನಿಂದ ಹಣ ಪಡೆದು ಬರ್ತ್ ಕೊಡದಿರಲೂ ಕೂಡದು. ಹಣ ಪಡೆಯುವುದು, ಬರ್ತ್ ಬರೆಯುವುದು ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ವಿದ್ಯುತ್ತು ಹೋದರೂ ಅರ್ಧಕ್ಕೆ ನಿಲ್ಲಬಾರದು. ನಾವು ಊರಿಗೆ ಕಳುಹಿಸುವ ಹಣ ನಮ್ಮ ಖಾತೆಯಿಂದ ಹೋಗಿ ತಾಯಿಯ ಖಾತೆಗೆ ಸೇರದೆ ಮಧ್ಯದಲ್ಲಿ ಮಾಯವಾಗದಿರುವುದು ಇದೇ ಕಟ್ಟುಪಾಡಿನಿಂದ.

೬. ದಿನದ ಕೆಲಸ

ಡೇಟಾಬೇಸ್ ನೋಡಿಕೊಳ್ಳುವವನ ದಿನ ಹೇಗಿರುತ್ತದೆ? ಬೆಳಗ್ಗೆ ಬಂದು ಅವನು ಮೊದಲು ನೋಡುವುದು, ರಾತ್ರಿ ತೆಗೆಯಬೇಕಾಗಿದ್ದ ನಕಲು, ಅಂದರೆ 'ಬ್ಯಾಕಪ್', ಸರಿಯಾಗಿ ಬಂದಿದೆಯೇ ಎಂಬುದನ್ನು. ಆಮೇಲೆ ಯಂತ್ರದಲ್ಲಿ ಜಾಗ ಎಷ್ಟು ಉಳಿದಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂದು ದಿನಚರಿ ಪುಸ್ತಕವನ್ನು ಓದುತ್ತಾನೆ. ಹೊಸ ನೌಕರನಿಗೆ ಎಷ್ಟು ನೋಡಲು ಅನುಮತಿ, ಬಿಟ್ಟುಹೋದವನ ಅನುಮತಿ ತೆಗೆದಿದೆಯೇ ಎಂದು ಪರೀಕ್ಷಿಸುತ್ತಾನೆ. ಬದಲಾವಣೆ ಮಾಡಬೇಕಾದರೆ ಮೊದಲು ಪ್ರಯೋಗದ ಪ್ರತಿಯಲ್ಲಿ ಮಾಡಿ ನೋಡಿ, ಮತ್ತೆ ನಿಜವಾದುದರಲ್ಲಿ ಮಾಡುತ್ತಾನೆ. ಮಾಡಿದ್ದನ್ನು ಬರೆದಿಡುತ್ತಾನೆ. ಇದರಲ್ಲಿ ಬೆರಗುಪಡಿಸುವಂಥದ್ದು ಏನೂ ಇಲ್ಲ. ಒಳ್ಳೆಯ ಅಡುಗೆಯವನ ಹಾಗೆ, ಎಲ್ಲವೂ ಸರಿಯಾಗಿದ್ದಾಗ ಅವನನ್ನು ಯಾರೂ ನೆನೆಯುವುದಿಲ್ಲ.

ಬ್ಯಾಕಪ್ ಎಂಬುದು ಮುಂಬಯಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿದು, ನೆಲಮಟ್ಟದ ಮನೆಗಳಲ್ಲಿಯೂ ಆಫೀಸುಗಳಲ್ಲಿಯೂ ಕಾಗದಪತ್ರಗಳು ನೀರುಪಾಲಾದವು. ೨೦೧೨ರ ಜೂನ್ ೨೧ರಂದು ಮಂತ್ರಾಲಯದ ಮೇಲಿನ ಮಹಡಿಗಳಿಗೆ ಬೆಂಕಿ ಬಿದ್ದು ಎಷ್ಟೋ ಕಡತಗಳು ಸುಟ್ಟುಹೋದವು. ಗಿರಣಿ ಕಾರ್ಮಿಕರ ಮನೆಗಳ ಮೊದಲ ಚೀಟಿ ಎತ್ತುವುದಕ್ಕೆ ಆಗ ಒಂದೇ ವಾರ ಉಳಿದಿತ್ತು. ನಕಲು ಮೂಲದ ಪಕ್ಕದಲ್ಲಿಯೇ ಇದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಆದುದರಿಂದ ಒಂದು ನಕಲು ಬೇರೆ ಕಟ್ಟಡದಲ್ಲಿರಲೇಬೇಕು. ಅಷ್ಟೇ ಅಲ್ಲ, ತಿಂಗಳಿಗೊಮ್ಮೆ ಆ ನಕಲನ್ನು ತೆರೆದು ಓದಿ ನೋಡಬೇಕು. ತೆರೆಯಲಾಗದ ನಕಲು ಇದ್ದೂ ಇಲ್ಲದಂತೆ.

ಇನ್ನೊಬ್ಬರ ದಾಖಲೆ ನಮ್ಮ ಕೈಯಲ್ಲಿದೆಯೆಂದರೆ ಅದು ನಂಬಿಕೆಯ ಒತ್ತೆ. ಯಾರ ಪಗಾರ ಎಷ್ಟು, ಯಾರ ಕಾಯಿಲೆ ಏನು ಎಂದು ಕುತೂಹಲಕ್ಕಾಗಿ ನೋಡಕೂಡದು, ನೋಡಿದ್ದನ್ನು ಆಡಕೂಡದು. ಈ ಬಗ್ಗೆ ೨೦೨೩ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನೇ ಮಾಡಿದೆ. ಆದರೆ ಕಾಯಿದೆಗಿಂತ ಮುಂಚಿನಿಂದಲೂ ಒಳ್ಳೆಯ ಕಾರಕೂನರು ಇದನ್ನು ಪಾಲಿಸುತ್ತ ಬಂದಿದ್ದಾರೆ.

೭. ನಮ್ಮ ನಾಡಿನ ಒಂದು ನಿದರ್ಶನ

ಇದುವರೆಗೆ ಹೇಳಿದ್ದೆಲ್ಲ ದೊಡ್ಡ ಪ್ರಮಾಣದಲ್ಲಿ ನಡೆದುದನ್ನು ನೋಡಬೇಕಾದರೆ ಕರ್ನಾಟಕ ಸರಕಾರದ 'ಭೂಮಿ' ಯೋಜನೆಯನ್ನು ನೋಡಬೇಕು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ತುಂಡು ಹೊಲವಾದರೂ ಇದೆ. ಪಹಣಿಯ ಪ್ರತಿಗಾಗಿ ರಜೆ ಹಾಕಿ ಹೋಗಿ ಅಲೆದ ಅನುಭವವೂ ಹಿರಿಯರಿಗಿದೆ. ಆ ಪಹಣಿಗಳು ಮೊದಲು ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರವರ ಬಳಿಯೇ ಇದ್ದವು. ೨೦೦೦ದ ಸುಮಾರಿಗೆ ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ ೧೫ ರೂಪಾಯಿಗೆ ಪ್ರತಿ ಕೊಡತೊಡಗಿದರು.

ಅಲ್ಲಿ ಕೈಗೊಂಡ ಕ್ರಮಗಳನ್ನು ಗಮನಿಸಿರಿ. ಗಣಕಯಂತ್ರದ ಪಹಣಿ ಸಿದ್ಧವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಊರ್ಜಿತವಲ್ಲವೆಂದು ಸಾರಿದರು. ಒಂದು ಸಂಗತಿ, ಒಂದೇ ಜಾಗ. ದಾಖಲೆ ಮುಟ್ಟುವ ನೌಕರನು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಮಾಡಿದರು. ಯಾರು ಏನು ತಿದ್ದಿದರೆಂಬುದು ಉಳಿಯುತ್ತದೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂದು ಕಟ್ಟು ಮಾಡಿದರು. ನಮ್ಮವನ ಅರ್ಜಿ ಮೇಲೆ, ಬಡವನದು ಕೆಳಗೆ ಎಂಬುದಕ್ಕೆ ಆಸ್ಪದ ಕಡಿಮೆಯಾಯಿತು. ಆದರೂ ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೊಸದಕ್ಕೆ ಹಾಗೆಯೇ ಏರಿದಲ್ಲಿ, ಅದನ್ನು ತಿದ್ದಿಸಿಕೊಳ್ಳಲು ರೈತನೇ ಅರ್ಜಿ ಹಿಡಿದು ಹೋಗಬೇಕು. ಯಂತ್ರವು ತಪ್ಪನ್ನು ವೇಗವಾಗಿ ಹಂಚುತ್ತದೆ, ತಾನಾಗಿ ತಿದ್ದುವುದಿಲ್ಲ.

೮. ಕಲಿಯುವುದು ಹೇಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೆಟ್ರಿಕ್ಯುಲೇಟನು ಇದನ್ನು ಕಲಿಯಬಹುದೇ? ಕಲಿಯಬಹುದು. ಕಲಿತ ಮರುದಿನವೇ ದೊಡ್ಡ ಹುದ್ದೆ ಸಿಗುವುದೇ? ಸಿಗದು. ದೊಡ್ಡ ಕಂಪೆನಿಗಳು ಬಹುಮಟ್ಟಿಗೆ ಪದವಿಯನ್ನು ಕೇಳುತ್ತವೆ. "ಮೂರು ತಿಂಗಳಲ್ಲಿ ನೌಕರಿ ಖಂಡಿತ" ಎಂದು ಫೀಸು ಕೇಳುವವರನ್ನು ನಂಬಿ ಸಾಲ ಮಾಡಬೇಡಿರಿ. ಆದರೆ ಗೋದಾಮು, ಸಾರಿಗೆ ಕಂಪೆನಿ, ಆಸ್ಪತ್ರೆ, ಶಾಲೆ, ಹೋಟೆಲುಗಳ ಸರಬರಾಜು ಆಫೀಸು ಇಂಥ ಕಡೆಗಳಲ್ಲಿ, ಪಟ್ಟಿಯನ್ನು ಶುದ್ಧವಾಗಿಡಬಲ್ಲ, ಕೇಳಿದ ಲೆಕ್ಕವನ್ನು ತೆಗೆದುಕೊಡಬಲ್ಲ ಕಾರಕೂನನಿಗೆ ಯಾವಾಗಲೂ ಬೆಲೆಯಿದೆ. ಅಲ್ಲಿಂದ ಮೇಲೇರಿದವರೂ ಇದ್ದಾರೆ.

ಖರ್ಚಿನ ಭಯ ಬೇಡ. 'ಪೋಸ್ಟ್‌ಗ್ರೆಸ್', 'ಎಸ್.ಕ್ಯೂ.ಲೈಟ್' ಎಂಬ ಡೇಟಾಬೇಸುಗಳನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಎಸ್.ಕ್ಯೂ.ಲೈಟ್ ಎಂಬುದು ನಿಮ್ಮ ಕಿಸೆಯಲ್ಲಿರುವ ಮೊಬೈಲಿನ ಒಳಗೂ ಇದೆ. ಹಳೆಯ ಗಣಕಯಂತ್ರದಲ್ಲಿಯೂ ಓಡುತ್ತದೆ. ಇಂಗ್ಲಿಷಿನ ಭಯವೂ ಬೇಡ. ಎಸ್.ಕ್ಯೂ.ಎಲ್.ನ ಪದಗಳು ರೈಲ್ವೆ ಫಾರಂ ತುಂಬಿಸುವವನಿಗೆ ತಿಳಿಯದಂಥವಲ್ಲ. ಹೆಸರು, ವಿಳಾಸಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ೧೯೯೧ರಿಂದಲೂ ಕನ್ನಡವಿದೆ. ಹಳೆಯ ಫಾಂಟುಗಳಲ್ಲಿ ಬರೆದುದನ್ನು ಮಾತ್ರ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಹುಡುಕುವುದಕ್ಕೂ ಅಕಾರಾದಿಗೂ ಸಿಕ್ಕದು.

ದಿನಕ್ಕೆ ಒಂದು ಗಂಟೆ ಕೊಡಬಲ್ಲವರಿಗೆ ಈ ಕ್ರಮವನ್ನು ಸೂಚಿಸುತ್ತೇವೆ. ಮೊದಲ ಎರಡು ವಾರ ಯಂತ್ರವನ್ನು ಮುಟ್ಟದೆ, ನಿಮ್ಮ ಆಫೀಸಿನ ಅಥವಾ ಮನೆಯ ಯಾವುದಾದರೊಂದು ಲೆಕ್ಕವನ್ನು ಕಾಗದದ ಮೇಲೆ ಟೇಬಲ್ಲುಗಳಾಗಿ ಬೇರ್ಪಡಿಸಿರಿ. ಪ್ರತಿಯೊಂದರ ಕೀ ಯಾವುದೆಂದು ಗುರುತು ಹಾಕಿರಿ. ಮುಂದಿನ ನಾಲ್ಕು ವಾರ ಅವನ್ನು ಎಸ್.ಕ್ಯೂ.ಲೈಟಿನಲ್ಲಿ ಮಾಡಿ 'ಸೆಲೆಕ್ಟ್', 'ವೇರ್', 'ಜಾಯಿನ್'ಗಳನ್ನು ಅಭ್ಯಾಸ ಮಾಡಿರಿ. ಆಮೇಲೆ ಎರಡು ವಾರ ಲೆಕ್ಕ ಕೂಡಿಸುವುದು, ಗುಂಪು ಮಾಡುವುದು. ಕೊನೆಯ ನಾಲ್ಕು ವಾರ ಇಂಡೆಕ್ಸ್, ಟ್ರಾನ್ಸಾಕ್ಷನ್, ಬ್ಯಾಕಪ್; ಬೇಕೆಂದೇ ಕೆಡಿಸಿ, ನಕಲಿನಿಂದ ಮತ್ತೆ ಎಬ್ಬಿಸುವುದು. ಕೆಡಿಸಿ ಸರಿಮಾಡಿದವನಿಗೇ ಧೈರ್ಯ ಬರುವುದು. ಇಬ್ಬರು ಕೂಡಿ ಕಲಿತರೆ ಇನ್ನೂ ಉತ್ತಮ, ಏಕೆಂದರೆ ನಮ್ಮ ತಪ್ಪು ಇನ್ನೊಬ್ಬನ ಕಣ್ಣಿಗೆ ಬೇಗ ಬೀಳುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಈ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ಹಿರಿಯರು ನಮ್ಮ ಮುಂದಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವಲ್ಲ.

ಅಭ್ಯಾಸಕ್ಕೆ ಮೂರು ಪ್ರಶ್ನೆಗಳು

೧. ಒಂದು ಖಾನಾವಳಿಯಲ್ಲಿ ತಿಂಗಳ ಊಟದವರ ಲೆಕ್ಕವಿದೆ. ಊಟ ಮಾಡುವವರು, ಊಟದ ದಿನಗಳು, ಕೊಟ್ಟ ಹಣ ಇವನ್ನು ಎಷ್ಟು ಟೇಬಲ್ಲುಗಳಲ್ಲಿ ಇಡುವಿರಿ? ಪ್ರತಿಯೊಂದರ ಕೀ ಯಾವುದು?

೨. ಒಂದೇ ಹೆಸರಿನ ಇಬ್ಬರು ಒಂದೇ ಚಾಳಿನಲ್ಲಿದ್ದಾರೆ, ಒಂದೇ ಖಾನಾವಳಿಯಲ್ಲಿ ಉಣ್ಣುತ್ತಾರೆ. ಫೋನ್ ಸಂಖ್ಯೆಯನ್ನು ಕೀ ಮಾಡಿದರೆ ಆಗಬಹುದೇ? ಆಗದಿದ್ದರೆ ಏಕೆ?

೩. ಒಬ್ಬನ ಹೆಸರಿನ ಎದುರು ಒಂದು ದಿನದ ಖಾನೆ ಖಾಲಿಯಿದೆ. ಅವನಿಂದ ಆ ದಿನದ ಹಣ ಪಡೆಯುವಿರೋ, ಬಿಡುವಿರೋ? ಮೊದಲು ಏನು ಮಾಡುವಿರಿ?

ಉತ್ತರ ಬರೆದು ತಂದವರೊಡನೆ ಭಾನುವಾರ ಸಂಜೆ ವಾಚನಾಲಯದಲ್ಲಿ ಕುಳಿತು ಚರ್ಚಿಸಲು ನಾವು ಸಿದ್ಧರಿದ್ದೇವೆ. ಮೂರನೆಯ ಪ್ರಶ್ನೆಗೆ ಉತ್ತರವನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇವೆ: ಮೊದಲು ಆ ಮನುಷ್ಯನನ್ನು ಕೇಳಬೇಕು. ಪ್ರತಿ ಸಾಲಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ನಾವು ಇಂದು ಬರೆಯುವ ಸಾಲನ್ನು ನಾಲ್ವತ್ತು ವರ್ಷಗಳ ಬಳಿಕ ಅವನ ಮಗನು ಕೈಯಲ್ಲಿ ಹಿಡಿದು ಯಾವುದೋ ಕಿಟಕಿಯ ಮುಂದೆ ನಿಂತಾನು. ಆಗ ಅದು ಸರಿಯಾಗಿರಬೇಕು.